ಮೂಗಪ್ಪನಿಗೆ ಎರಡು ಕಮ್ಮಿ

ಬಸ್ಸಿನೊಳಗೆ ಕಂಬ ಹಿಡಿದು ನಿಂತಿದ್ದ ಅವಳು ತನಗೆ ತಗುಲಿಕೊಂಡಿದ್ದವರನ್ನು ಎಣಿಸಿದಳು. ಎಡಕ್ಕೆ ಹೂಕೋಸಿನ ಚೀಲದ ಹೆಂಗಸು, ಎದುರಿಗೆ ನಿದ್ದೆಗಣ್ಣಿನ ನರ್ಸು, ಬಲಕ್ಕೆ ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತಿದ್ದ ದಪ್ಪ ಮನುಷ್ಯ, ಬೆನ್ನಿಗೆ ಯಾರದೋ ಊಟದ ಡಬ್ಬಿಯ ಮೂಲೆ, ಅದರ ಆಚೀಚೆ ಎರಡು ಮೊಣಕೈ. ಆರು. ಪಕ್ಕದವರಿಗೂ ಆರೇ. ಹೇಳಿದವರಿಲ್ಲ, ಕೇಳಿದವರಿಲ್ಲ, ಬಸ್ಸು ನಾಲ್ಕು ಸಲ ಕುಲುಕಿದರೆ ಸಾಕು, ಮಂದಿ ತಾವಾಗಿಯೇ ಸಂದು ಹುಡುಕಿಕೊಂಡು, ಒಬ್ಬರ ಸುತ್ತ ಆರು ಜನರಂತೆ ಕಚ್ಚಿಕೊಂಡು ನಿಂತುಬಿಡುತ್ತಾರೆ. ಕಂಡಕ್ಟರ್ ‘ಒಳಗೆ ಹೋಗ್ರೀ, ಒಳಗೆಲ್ಲ ಖಾಲಿ ಇದೆ’ ಎಂದು ಕೂಗುವುದು ಬರೀ ಗಂಟಲಿನ ವ್ಯಾಯಾಮ. ಫಜೀತಿ ಇರುವುದು ಹಿಂದಿನ ಚಕ್ರದ ಮೇಲೆ ನೆಲ ಉಬ್ಬಿದೆಯಲ್ಲ, ಅಲ್ಲಿ. ಆ ಉಬ್ಬಿನ ಮೇಲೆ ನಿಂತವನಿಗೆ ಸುತ್ತ ಐದೇ ಜನ. ಅವನು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು, ಇಡೀ ಬಸ್ಸಿನ ತಪ್ಪೆಲ್ಲ ತನ್ನದೇ ಎನ್ನುವ ಮುಖ ಮಾಡಿಕೊಂಡಿದ್ದ. ನಿನ್ನ ತಪ್ಪಲ್ಲ ಕಣಪ್ಪ, ನೆಲದ್ದು ಎಂದು ಅವನಿಗೆ ಕೂಗಿ ಹೇಳಬೇಕು ಅನ್ನಿಸಿತು. ಹತ್ತು ಎಂಬ ಸಂಖ್ಯೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಬೆಳಗಿನಿಂದ ಅವಳನ್ನು ಕಾಡುತ್ತಿತ್ತು. ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು.

ಹನ್ನೆರಡಾಗಬೇಕಿತ್ತು. ಹತ್ತಾಗಿತ್ತು. ಆ ಎರಡು ಎಲ್ಲಿ ಹೋದವು ಎಂದು ಅತ್ತೆಯೂ ಬೆಳಿಗ್ಗೆ ಕೇಳಿದ್ದರು. ಅತ್ತೆ ಎಂದರೆ ಗಂಡನ ತಾಯಿ; ಸಿಂಕಿನ ಮುಂದೆ ನಿಂತರೆ ಇಡೀ ಮನೆಯ ವಿಚಾರಣೆಯನ್ನು ಅಲ್ಲೇ ಮುಗಿಸುವ ಹೆಂಗಸು. ‘ನೀರಲ್ಲಿ ಎಣ್ಣೆ ಹನಿ ತೇಲೋದನ್ನ ನೋಡೋಕೆ ಸಂಬಳ ಕೊಡ್ತಾರಲ್ಲೇ! ನಲವತ್ತು ವರ್ಷದಿಂದ ಈ ಸಿಂಕಲ್ಲಿ ನಾನು ಪುಕ್ಕಟೆ ನೋಡ್ತಿದೀನಿ,’ ಎಂದಿದ್ದರು. ‘ನಿಮ್ಮ ಹನಿ ಮೇಲೆ ಮಣಿ ಇರಲ್ಲ ಅತ್ತೆ.’ ‘ಯಾಕಿರಲ್ಲ? ನೀನು ಸರಿಯಾಗಿ ತಿಕ್ಕದ ತಟ್ಟೇದೆಲ್ಲ ಅದರ ಮೇಲೇ ಕೂತಿರುತ್ತೆ.’ ಲಿಫ್ಟ್ ರಿಪೇರಿ ಮಾಡುವ ಗಂಡ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ, ‘ಎರಡು ತಾನೇ? ಯಾರು ನೋಡ್ತಾರೆ ಬಿಡು,’ ಎಂದ. ‘ನಿನ್ನ ಲಿಫ್ಟಲ್ಲಿ ಎರಡು ನಟ್ಟು ಕಮ್ಮಿ ಆದ್ರೆ?’ ಎಂದು ಕೇಳಿದ ಮೇಲೆ ಅವನು ಗುಂಡಿಯ ಕಡೆ ಮಾತ್ರ ಗಮನ ಕೊಟ್ಟ. ‘ಮಂಚದ ಕೆಳಗೆ ನೋಡೇ,’ ಎಂದರು ಅತ್ತೆ, ನಿಜವಾದ ಕಾಳಜಿಯಿಂದ. ‘ನನ್ನ ಕನ್ನಡಕ ಅಲ್ಲೇ ಸಿಕ್ಕಿದ್ದು.’

ಅವರಿಗೆ ಹೇಗೆ ಹೇಳುವುದು? ಹೇಳಿದ್ದಳು, ಒಂದು ಸಲ, ಮಗುವಿನ ಹಳೇ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು. ನೀರಿನಲ್ಲಿ ಒಂದು ಎಣ್ಣೆ ಹನಿ, ಹನಿಯ ಮೈಮೇಲೆಲ್ಲ ಪ್ಲಾಸ್ಟಿಕ್ ಮಣಿಗಳು, ಒಂದು ಕೂದಲೆಳೆಯ ಅಡ್ಡಗಲದಲ್ಲಿ ಐವತ್ತು ಕೂರುವಷ್ಟು ಸಣ್ಣವು. ಎಣ್ಣೆ ಮತ್ತು ನೀರಿನ ಗಡಿಗೆ ಬಂದ ಮಣಿ ಮತ್ತೆ ಅಲ್ಲಿಂದ ಕದಲುವುದಿಲ್ಲ. ಗಡಿಯ ಮೇಲೇ ಜಾರುತ್ತ, ನೂಕಾಡುತ್ತ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ನೆಲ ಚಪ್ಪಟೆಯಾಗಿದ್ದರೆ ಪ್ರತಿಯೊಂದಕ್ಕೂ ಆರು ನೆರೆಯವರು, ಅಲ್ಲಿಗೆ ಕತೆ ಮುಗಿಯಿತು. ಮೈ ಬಾಗಿದ ಕೂಡಲೇ ಆರಾರು ನಡೆಯುವುದಿಲ್ಲ. ‘ಈ ಚೆಂಡು ನೋಡಿ ಅತ್ತೆ, ಬಿಳೀ ತುಂಡಿಗೆಲ್ಲ ಆರು ಅಂಚು, ಕಪ್ಪು ತುಂಡಿಗೆ ಐದು. ಕಪ್ಪು ಹನ್ನೆರಡಿದೆ. ಬರೀ ಬಿಳೀದೇ ಹೊಲಿದ್ರೆ ಚಾಪೆ ಆಗುತ್ತೆ, ಚೆಂಡಾಗಲ್ಲ.’ ಮಣಿಗಳೂ ಅಷ್ಟೆ. ಹನಿ ಉಂಡೆಯಂತಿರಲಿ, ಮೊಟ್ಟೆಯಂತಿರಲಿ, ಮುಚ್ಚಿಕೊಂಡ ಮೈ ಆಗಿದ್ದರೆ ಲೆಕ್ಕ ಹನ್ನೆರಡೇ. ಕೆಲವು ಕಡೆ ಏಳು ನೆರೆಯವರಿರುವ ಮಣಿಯೂ ನುಸುಳಿರುತ್ತದೆ, ಅದನ್ನು ಕಳೆಯಬೇಕು. ಕಂಪ್ಯೂಟರು ಐದರ ಮಣಿಗೆ ಕೆಂಪು ಬಣ್ಣ ಹಚ್ಚುತ್ತದೆ, ಏಳರದ್ದಕ್ಕೆ ನೀಲಿ, ಉಳಿದವಕ್ಕೆ ಬೂದು. ಕೆಂಪಿನಲ್ಲಿ ನೀಲಿ ಕಳೆದರೆ ಹನ್ನೆರಡು. ದುಂಡಗಿದ್ದ ಹನಿಗಳೆಲ್ಲ ಶಿಸ್ತಾಗಿ ಹನ್ನೆರಡು ಕೊಟ್ಟಿದ್ದವು. ಕೊಡದೇ ಇದ್ದವನು ಮೂಗಪ್ಪ ಒಬ್ಬನೇ.

ಮೂಗಪ್ಪನೂ ಹನಿಯೇ. ಎರಡು ಹನಿಗಳು ಒಂದಾಗಲು ಹೋಗಿ, ಅಷ್ಟರಲ್ಲಿ ಮೈಮೇಲಿನ ಮಣಿಗಳು ಇಕ್ಕಟ್ಟಾಗಿ ಬಿಗಿದುಕೊಂಡು, ದುಂಡಗಾಗುವುದಕ್ಕೆ ಬಿಡದೆ ಅರ್ಧದಲ್ಲಿ ನಿಂತುಹೋದವನು. ಒಂದು ಕಡೆ ಡೊಳ್ಳು ಹೊಟ್ಟೆ, ಇನ್ನೊಂದು ಕಡೆ ಚೂಪು ಮೂಗು. ಎಣ್ಣೆಗೆ ದುಂಡಗಾಗುವ ಆಸೆ, ಮಣಿಗಳಿಗೆ ಜಾಗ ಬಿಡುವ ಮನಸ್ಸಿಲ್ಲ. ಆರು ತಿಂಗಳಿಂದ ಗಾಜಿನ ಪಟ್ಟಿಯ ಮೇಲೆ ಹಾಗೇ ಮೂಗು ಚಾಚಿಕೊಂಡು ಕೂತಿದ್ದ. ಧೂಳಿನಷ್ಟೂ ಇಲ್ಲದ ಮಣಿಗಳು ಸೇರಿಕೊಂಡು ಒಂದು ಇಡೀ ಹನಿಯನ್ನು ತಮಗೆ ಬೇಕಾದ ಆಕಾರದಲ್ಲಿ ಹಿಡಿದು ನಿಲ್ಲಿಸಬಲ್ಲವು ಎನ್ನುವುದು ಅವಳ ವಾದ, ಆ ವಾದಕ್ಕೆ ಇದ್ದ ಒಬ್ಬನೇ ಸಾಕ್ಷಿ ಮೂಗಪ್ಪ. ಇವತ್ತು ಹೊರಗಿನಿಂದ ಮೂವರು ಬಂದು ಯಾವ ಕೆಲಸ ಮುಂದುವರಿಯಬೇಕು, ಯಾವುದು ಬೇಡ ಎಂದು ನೋಡುವವರಿದ್ದರು. ಹನ್ನೆರಡು ಬರದಿದ್ದರೆ ಮೂಗಪ್ಪ ಕಸದಬುಟ್ಟಿಗೆ. ಅವನ ಹಿಂದೆ ಅವಳ ವಾದವೂ. ವಾದವೇ ಹೋದ ಮೇಲೆ ಅವಳನ್ನು ಇಟ್ಟುಕೊಳ್ಳುವುದಕ್ಕೆ ಯಾರಿಗೂ ಕಾರಣ ಉಳಿಯುತ್ತಿರಲಿಲ್ಲ.

ಬಸ್ಸಿನಿಂದ ಇಳಿದು ಸಂಸ್ಥೆಯ ಗೇಟಿಗೆ ಬಂದಾಗ ಕಾವಲಿನವನು ದೂರದಿಂದಲೇ, ‘ಇತರೆ ಈ ಕಡೆ ಬನ್ನಿ, ಇತರೆ ಈ ಕಡೆ,’ ಎಂದು ಕೈ ಬೀಸಿದ. ದಿನಾ ನೋಡುವ ಮುಖ, ದಿನಾ ನಗುವ ಮನುಷ್ಯ. ಆದರೂ ಅವಳ ಕೊರಳಲ್ಲಿ ಗುರುತಿನ ಚೀಟಿಯ ಬೂದು ದಾರ ಕಂಡ ಕೂಡಲೇ ಅವನ ಬಾಯಿಂದ ಬರುವುದು ಅದೊಂದೇ ಶಬ್ದ. ಕಾಯಂ ಇರುವವರಿಗೆ ಕೆಂಪು ದಾರ, ವಿದ್ಯಾರ್ಥಿಗಳಿಗೆ ನೀಲಿ, ಇತರೆಗೆ ಬೂದು. ಕೆಂಪು ದಾರದವರಿಗೆ ಅಗಲವಾದ ಬಾಗಿಲು, ನೀಲಿಯವರಿಗೆ ತಿರುಗುವ ಬಾಗಿಲು, ಬೂದಿನವರಿಗೆ ಪಕ್ಕದ ಸಣ್ಣ ಗೇಟು, ಅಲ್ಲಿ ಊಟದ ಡಬ್ಬಿಯನ್ನೂ ಬಿಚ್ಚಿ ತೋರಿಸಬೇಕು. ಯಾರ ತಲೆಯಲ್ಲಿ ಹುಟ್ಟಿತು ಈ ಬಣ್ಣದ ವ್ಯವಸ್ಥೆ? ಯಾವ ಮಹಾನುಭಾವ ಒಂದು ಬೆಳಿಗ್ಗೆ ಎದ್ದು, ಮನುಷ್ಯರು ಮೂರು ಬಗೆ, ಮೂರನೆಯ ಬಗೆಗೆ ಹೆಸರು ಕೊಡುವಷ್ಟು ಪುರುಸೊತ್ತು ನನಗಿಲ್ಲ ಎಂದು ತೀರ್ಮಾನಿಸಿದ? ಗ್ಯಾಸ್ ಸಿಲಿಂಡರ್ ಬದಲಿಸುವವನು ಇತರೆ. ಗಾಜಿನ ಸಾಮಾನು ತೊಳೆಯುವವಳು ಇತರೆ. ವೈರಿಂಗಿನವನು ಇತರೆ. ಎರಡು ಹೆರಿಗೆ ಮತ್ತು ಅತ್ತೆಯ ಮುರಿದ ಸೊಂಟದ ನಡುವೆ ಹತ್ತು ವರ್ಷ ಮನೆಯಲ್ಲಿದ್ದು, ಓದಿದ್ದನ್ನು ಮರೆಯದೆ ವಾಪಸ್ಸು ಬಂದವಳೂ ಇತರೆ. ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತ ಅವಳು ದಿನಾ ಮನಸ್ಸಿನೊಳಗೆ ಒಂದು ಭಾಷಣ ಮಾಡುತ್ತಿದ್ದಳು, ಅದು ದಿನದಿಂದ ದಿನಕ್ಕೆ ಬೆಳೆದು ಈಗ ಒಂದು ದೊಡ್ಡ ಸಭೆಗಾಗುವಷ್ಟಿತ್ತು. ಕಾವಲಿನವನು ಡಬ್ಬಿಯೊಳಗೆ ಇಣುಕಿ, ‘ಇವತ್ತೂ ಅದೇನಾ ಮೇಡಂ?’ ಎಂದು ಕನಿಕರದಿಂದ ಕೇಳಿದ. ಅವನ ಕೊರಳಲ್ಲೂ ಬೂದು ದಾರವೇ ಇತ್ತು. ಭಾಷಣ ಅಲ್ಲಿಗೆ ನಿಂತಿತು.

ಚಿಕ್ಕವಳಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಟೀಚರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ‘ಹಾಡೋರು ಈ ಕಡೆ, ಕುಣಿಯೋರು ಆ ಕಡೆ, ಉಳಿದೋರು ಪರದೆ ಎಳೀರಿ,’ ಎಂದಿದ್ದರು. ಉಳಿದವರು ಏಳೆಂಟು ಜನ. ಅವರಲ್ಲಿ ಒಬ್ಬಳಿಗೆ ಮೂಗಿನಿಂದ ಸೀಟಿ ಹೊಡೆಯಲು ಬರುತ್ತಿತ್ತು, ತೊದಲುವ ಒಬ್ಬ ಕಣ್ಣು ಮುಚ್ಚಿಕೊಂಡು ಕುದುರೆಯ ಚಿತ್ರ ಬರೆಯುತ್ತಿದ್ದ, ಇವಳಿಗಂತೂ ಯಾವ ಸಂಖ್ಯೆಯನ್ನು ಯಾವುದರಿಂದ ಗುಣಿಸಿದರೂ ಉತ್ತರ ನಾಲಿಗೆ ತುದಿಯಲ್ಲಿರುತ್ತಿತ್ತು. ಅದನ್ನೆಲ್ಲ ಯಾರು ಕೇಳಿದರು? ಒರಟು ಹಗ್ಗ ಕೈಗೆ ಬಂತು. ಪರದೆ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು, ಅವಳು ಜಗ್ಗಿದಳು, ಅದು ಜಗ್ಗಲಿಲ್ಲ, ಅರ್ಧ ಪರದೆಯ ಹಿಂದೆ ಅವಳ ಎರಡು ಕಾಲು ಮಾತ್ರ ಸಭೆಗೆ ಕಾಣುತ್ತಿದ್ದವು, ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮನೆಗೆ ಬಂದ ಮೇಲೆ ಅಮ್ಮ ಅವಳ ಅಂಗೈ ನೋಡಿ, ‘ಪರದೆ ಚೆನ್ನಾಗಿ ಎಳೆದೆ ಕಣೇ,’ ಎಂದಿದ್ದಳು. ಆ ಸಮಾಧಾನದ ಮಾತೇ ಅವಳಿಗೆ ಇವತ್ತಿಗೂ ಸಭೆಯ ನಗುವಿಗಿಂತ ಹೆಚ್ಚು ಉರಿಯುತ್ತಿತ್ತು. ಪ್ರಯೋಗಾಲಯದ ಬಾಗಿಲು ನೂಕುವಾಗ ಅವಳು ಯಾಕೋ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಒಳಗೆ ಮೇಷ್ಟ್ರು ಆಗಲೇ ಬಂದಿದ್ದರು. ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಅತಿಥಿಗಳು ಬರುವ ದಿನ ಹೊಸ ಮದುಮಗನ ಹಾಗೆ ಆಡುತ್ತಿದ್ದರು. ಮೂರು ಸಲ ತಲೆ ಬಾಚಿಕೊಂಡಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದ ಗಡ್ಡ, ಅವಳಿಗಿಂತ ಹದಿನೈದು ವರ್ಷ ಸಣ್ಣವನಾದ ಸಂಶೋಧನಾ ವಿದ್ಯಾರ್ಥಿ, ಚಿತ್ರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ಅವಳನ್ನು ಕಂಡು ‘ಅಕ್ಕ’ ಎಂದು ಏನೋ ಹೇಳಲು ಹೋಗಿ ಮೇಷ್ಟ್ರ ಕಡೆ ನೋಡಿ ಮತ್ತೆ ಚಿತ್ರಗಳ ಕಡೆ ತಿರುಗಿದ.

‘ಬಾಮ್ಮ. ಎಷ್ಟು ಬಂತು?’

‘ಹತ್ತೇ ಸರ್. ನಿನ್ನೆ ಮತ್ತೆ ಮೊದಲಿನಿಂದ ಮಾಡಿದೆ. ಮೈಕ್ರೋಸ್ಕೋಪಿನ ಪದರ ಪದರದ ಚಿತ್ರಾನೂ ಮತ್ತೆ ಒಂದರ ಮೇಲೊಂದು ಪೇರಿಸಿ ನೋಡಿದೆ.’

‘ಹಾಗಾದ್ರೆ ಹನಿ ಕೆಟ್ಟಿದೆ. ತೆಗೆದುಬಿಡು. ದುಂಡಗಿರೋವು ಇಷ್ಟೊಂದಿದಾವೆ, ಲಕ್ಷಣವಾಗಿ ಹನ್ನೆರಡು ಹನ್ನೆರಡು ಬಂದಿದೆ. ಅವನ್ನ ತೋರಿಸಿ ಕಾಫಿ ಕುಡಿಸಿ ಕಳಿಸೋಣ.’

‘ಸರ್, ಹನಿ ಕೆಡೋಕಾಗಲ್ಲ. ಮುಚ್ಚಿದ ಮೈಗೆ ಹನ್ನೆರಡೇ ಬರಬೇಕು. ಹತ್ತು ಬಂತು ಅಂದ್ರೆ ಕೆಟ್ಟಿರೋದು ಎಣಿಸಿದವಳು.’

‘ಅದನ್ನೇ ನಾನು ಸ್ವಲ್ಪ ಮರ್ಯಾದೆಯಾಗಿ ಹೇಳಿದ್ದು,’ ಎಂದು ಮೇಷ್ಟ್ರು ನಕ್ಕರು. ಕೆಟ್ಟ ನಗುವಲ್ಲ, ಅವಳ ಪರವಾಗಿಯೇ ನಕ್ಕಂತಿತ್ತು. ಅವರು ನಾಲ್ಕನೆಯ ಸಲ ತಲೆ ಬಾಚಲು ಹೊರಗೆ ಹೋದರು. ಅವಳ ಕಿವಿ ಬಿಸಿಯಾಗಿತ್ತು. ಹತ್ತು ವರ್ಷ ಮನೆಯಲ್ಲಿ ಕೂತವಳಿಗೆ ಎಣಿಕೆ ಮರೆತುಹೋಗಿದೆ ಎಂದು ಯಾರೂ ಅಂದಿರಲಿಲ್ಲ, ಯಾವತ್ತೂ ಅಂದಿರಲಿಲ್ಲ. ಅವಳೊಬ್ಬಳೇ ಅಂದುಕೊಂಡಿದ್ದಳು, ಹಾಲು ಉಕ್ಕುವಾಗ, ಬಸ್ಸಿಗೆ ಕಾಯುವಾಗ, ಮಗುವಿನ ಲೆಕ್ಕದ ಪುಸ್ತಕ ತಿದ್ದುವಾಗ. ಗಡ್ಡ ಕುರ್ಚಿ ತಿರುಗಿಸಿ ಪಿಸುಗುಟ್ಟಿದ: ‘ಅಕ್ಕ, ಮೂಗಿನ ಹಿಂದುಗಡೆ ಎರಡು ಕೆಂಪು ಹಚ್ಚಿಬಿಡ್ಲಾ? ದೇವರಾಣೆ ಯಾರಿಗೂ ಗೊತ್ತಾಗಲ್ಲ.’

‘ನಿನ್ನ ಗಡ್ಡಕ್ಕೆ ಹಚ್ಚಿಕೋ ಎರಡು.’

‘ಬೈಬೇಡಿ. ಮೂಗಪ್ಪ ಅಂದ್ರೆ ನನಗೂ ಇಷ್ಟಾನೇ,’ ಎಂದು ಅವನು ಚಿತ್ರವನ್ನು ಸಾಲಿನಿಂದ ತೆಗೆದ. ಅಳಿಸಿಹಾಕಲು ಮನಸ್ಸು ಬರದೆ ಪಕ್ಕಕ್ಕೆ ಇಟ್ಟ. ಪರದೆಯ ಮೂಲೆಯಲ್ಲಿ ಮೂಗಪ್ಪ ಬೆರಳುಗುರಿನಷ್ಟಾಗಿ, ಬೂದು ಮೈ ತುಂಬ ಕೆಂಪು ನೀಲಿ ಸಿಡುಬು ಎದ್ದವನ ಹಾಗೆ, ಮೂಗು ಮೇಲೆತ್ತಿ ಕೂತಿದ್ದ. ಮೂಗಿನ ಸುತ್ತ ಎಲ್ಲ ಬೂದು, ಒಂದೂ ಚುಕ್ಕೆಯಿಲ್ಲ, ನುಣ್ಣಗಿತ್ತು. ಅಷ್ಟು ಚೂಪಾದ ಜಾಗದಲ್ಲಿ ಅಷ್ಟೊಂದು ನೆಮ್ಮದಿ ಹೇಗೆ ಎಂಬ ಅನುಮಾನ ಅವಳ ಮನಸ್ಸಿನಲ್ಲಿ ಹಾದುಹೋಯಿತು, ಆದರೆ ಅಷ್ಟರಲ್ಲಿ ಹೊರಗೆ ಕಾರುಗಳ ಬಾಗಿಲು ಬಡಿದ ಸದ್ದಾಯಿತು, ಗಡ್ಡ ತಂತಿಗಳನ್ನು ಬಾಚಿಕೊಂಡು ಓಡಿದ, ಅನುಮಾನವೂ ಅವನ ಹಿಂದೆ ಓಡಿಹೋಯಿತು.

ಸಭೆಯ ಕೋಣೆಯಲ್ಲಿ ಕುರ್ಚಿಗಳು ಎಂದಿನಂತೆ ಕಮ್ಮಿ ಬಿದ್ದಿದ್ದವು. ಮುಂದಿನ ಸಾಲಿನಲ್ಲಿ ಬಂದ ಮೂವರು, ಅವರ ನಡುವೆ ಬೆಳ್ಳಗಿನ ಗಿಡ್ಡ ಕೂದಲಿನ ಒಬ್ಬ ಹೆಂಗಸು. ಅವರ ಹಿಂದೆ ಕೆಂಪು ದಾರಗಳು, ಕೆಂಪಿನ ಹಿಂದೆ ನೀಲಿ. ಬೂದು ದಾರದವರು ಹಿಂದಿನ ಕಿಟಕಿಯ ಉದ್ದಕ್ಕೂ ಗೋಡೆಗೆ ಒರಗಿ ನಿಂತಿದ್ದರು. ಯಾರೂ ಹೀಗೇ ನಿಲ್ಲಿ ಎಂದು ಹೇಳಿರಲಿಲ್ಲ. ಬಸ್ಸಿನಲ್ಲಿ ನಿಂತ ಹಾಗೆಯೇ ನಿಂತಿದ್ದರು ಎಂದುಕೊಂಡಳು, ಮರುಕ್ಷಣವೇ ಅಲ್ಲ, ಬಸ್ಸಿನಲ್ಲಿ ಯಾರ ಕೊರಳಲ್ಲೂ ದಾರವಿರಲಿಲ್ಲ ಎಂದು ಸಿಟ್ಟು ಬಂತು. ಸಿಲಿಂಡರಿನವನು ಅವಳಿಗೆ ಕಿಟಕಿಯ ಕಟ್ಟೆಯ ಮೇಲೆ ಸ್ವಲ್ಪ ಜಾಗ ಬಿಟ್ಟು, ‘ಕೂತ್ಕೊಳ್ಳಿ ಮೇಡಂ. ಎಷ್ಟೊತ್ತು ನಡೀತದೋ,’ ಎಂದ. ಅವನಿಗೂ ಈ ಸಭೆಗೂ ಸಂಬಂಧವಿರಲಿಲ್ಲ. ಸಭೆ ತುಂಬಿದಂತೆ ಕಾಣಲಿ ಎಂದು ಮೇಷ್ಟ್ರು ಎಲ್ಲರನ್ನೂ ಬರಹೇಳಿದ್ದರು. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಎದುರಿನ ಗೋಡೆಯ ಮೇಲೆ ಮೊದಲನೆಯ ದುಂಡು ಹನಿ ಮಂಕಾಗಿ ಮೂಡಿತು. ಮೇಷ್ಟ್ರು ಕಣ್ಣಿಗೆ ಕೈ ಅಡ್ಡ ಹಿಡಿದು, ಯಾರ ಮುಖವನ್ನೂ ನೋಡದೆ, ‘ಹಿಂದಿನೋರು ಯಾರಾದ್ರೂ ಸ್ವಲ್ಪ ಪರದೆ ಎಳೀರಪ್ಪ,’ ಎಂದರು.

ಬೂದು ದಾರದವರೆಲ್ಲ ಒಟ್ಟಿಗೇ ಕೈ ಎತ್ತಿದರು. ಅವಳೂ ಎತ್ತಿದಳು, ಕೈ ತಾನಾಗಿಯೇ ಹೋಯಿತು, ಮೂವತ್ತು ವರ್ಷದಿಂದ ಅದಕ್ಕೇ ಕಾದಿದ್ದಂತೆ. ಬಟ್ಟೆಯ ಮೇಲೆ ಆರೇಳು ಕೈಗಳು ಒಂದರ ಪಕ್ಕ ಒಂದು ಬಿದ್ದವು. ವೈರಿಂಗಿನವನ ಹೆಬ್ಬೆರಳಿಗೆ ಕಪ್ಪು ಟೇಪು ಸುತ್ತಿತ್ತು. ಗಾಜು ತೊಳೆಯುವವಳ ಬೆರಳುಗಳು ನೀರಿಗೆ ಸುಕ್ಕಾಗಿ ಬಿಳಿಚಿದ್ದವು. ಸಿಲಿಂಡರಿನವನ ಕೈ ಹಲಗೆಯಷ್ಟು ಅಗಲ. ಲೆಕ್ಕದ ವಿಭಾಗದ ತಾತ್ಕಾಲಿಕ ಹುಡುಗಿಯ ಒಂದೊಂದು ಉಗುರಿಗೂ ಒಂದೊಂದು ಬಣ್ಣ. ಒಂದು ಕೈಯ ಹಾಗೆ ಇನ್ನೊಂದು ಇರಲಿಲ್ಲ. ಮೂಗಿನಿಂದ ಸೀಟಿ ಹೊಡೆಯುವವಳು, ಕುದುರೆ ಬರೆಯುವವನು, ಗುಣಿಸುವವಳು, ಉಳಿದೋರು ಪರದೆ ಎಳೀರಿ. ಉಳಿದವರು. ಉಳಿದವಕ್ಕೆ ಬೂದು. ಅವಳ ಕೈ ಬಟ್ಟೆಯ ಮೇಲೇ ನಿಂತಿತು. ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಅವಳು ಆರು ನೆರೆಯವರಿದ್ದ ಮಣಿಗೆ ಬೂದು ಎಂದು ಬರೆದಿರಲಿಲ್ಲ. ಐದಿದ್ದರೆ ಕೆಂಪು, ಏಳಿದ್ದರೆ ನೀಲಿ, ಉಳಿದದ್ದಕ್ಕೆಲ್ಲ ಬೂದು ಎಂದು ಬರೆದಿದ್ದಳು. ಬೂದು ಬಣ್ಣದ್ದೆಲ್ಲ ಆರು ಎಂದು ಆರು ತಿಂಗಳಿಂದ ನಂಬಿಕೊಂಡು ಕೂತಿದ್ದಳು.

‘ಏನಾಯ್ತು ಮೇಡಂ?’ ಎಂದ ಸಿಲಿಂಡರಿನವನು.

‘ನೀವು ಎಳೀರಿ, ಬಂದೆ,’ ಎಂದು ಅವಳು ಅರ್ಧ ಎಳೆದ ಪರದೆಯನ್ನು ಅವನ ಕೈಗೆ ಕೊಟ್ಟು ಹೊರಗೆ ಓಡಿದಳು. ಓಡುವಾಗ ಒಂದು ನೀಲಿ ದಾರದ ಕಾಲು ತುಳಿದಳು. ‘ಅಯ್ಯೋ’ ಎಂದಿತು ಅದು. ಮೇಷ್ಟ್ರ ಮಾತು ಒಂದು ಗಳಿಗೆ ತಡವರಿಸಿ ಮತ್ತೆ ಹನಿಯ ಮೇಲೆ ಹತ್ತಿತು.

ಖಾಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರಿನ ಮುಂದೆ ನಿಂತುಕೊಂಡೇ ಪ್ರೋಗ್ರಾಮಿನ ಆ ಸಾಲನ್ನು ತೆರೆದಳು. ಇತ್ತು. ಅವಳದೇ ಬರಹ, ಅವಳದೇ ಅವಸರ. ಬರೆದ ದಿನ ಯಾವ ಬಣ್ಣ ಕೊಡಲಿ ಎಂದು ತಲೆ ಎತ್ತಿದಾಗ ಬಾಗಿಲ ಪಕ್ಕದ ಮೊಳೆಗಳಲ್ಲಿ ಕೊರಳ ದಾರಗಳು ನೇತಾಡುತ್ತಿದ್ದದ್ದು ಈಗ ಸ್ಪಷ್ಟವಾಗಿ ನೆನಪಾಯಿತು: ಮೇಷ್ಟ್ರದ್ದು ಕೆಂಪು, ಗಡ್ಡನದ್ದು ನೀಲಿ, ಅವಳದ್ದು. ಕೈಗೆ ಸಿಕ್ಕಿದ ಬಣ್ಣ ತೆಗೆದುಕೊಂಡೆ ಎಂದುಕೊಂಡಿದ್ದಳು. ಬಣ್ಣದ ಜೊತೆ ವ್ಯವಸ್ಥೆಯನ್ನೂ ಹೊತ್ತುಕೊಂಡು ಬಂದಿದ್ದಳು. ಗೇಟಿನಲ್ಲಿ ದಿನಾ ಭಾಷಣ ಮಾಡುವವಳು, ಡಬ್ಬಿ ಬಿಚ್ಚಿ ಕುದಿಯುವವಳು, ಒಳಗೆ ಬಂದು ಸಾವಿರಾರು ಮಣಿಗಳಿಗೆ ತಾನೇ ಕಾವಲಿನವಳಾಗಿ ನಿಂತು, ಇತರೆ ಈ ಕಡೆ ಬನ್ನಿ ಎಂದು ಕೈ ಬೀಸಿದ್ದಳು! ಕೊರಳಿಗೆ ಹಾಕಿದ್ದನ್ನು ಕಣ್ಣಿಗೂ ಹಾಕಿಕೊಂಡಿದ್ದಳು. ಇಷ್ಟು ಹೊತ್ತಿಗೆ ಅಳು ಬರಬೇಕಿತ್ತು. ಬಂದದ್ದು ನಗು, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಸಾಲನ್ನು ಅಳಿಸಿ, ಆರಿದ್ದರೆ ಮಾತ್ರ ಬೂದು, ಬೇರೆ ಏನೇ ಇದ್ದರೂ ಹಳದಿ ಎಂದು ಬರೆದಳು. ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಇಷ್ಟು ನಿಧಾನವಾಗಿ ಅದು ಯಾವತ್ತೂ ತಿರುಗಿರಲಿಲ್ಲ. ಬೆರಳಿನಿಂದ ಮೇಜು ಕುಟ್ಟಿದಳು. ಅತ್ತೆಯ ಕನ್ನಡಕ ಯಾಕೋ ನೆನಪಾಯಿತು.

ಮೂಗಪ್ಪ ಮತ್ತೆ ಮೂಡಿದ. ಅವನ ಡೊಳ್ಳು ಹೊಟ್ಟೆ ಮೊದಲಿನಂತೆಯೇ ಇತ್ತು. ಮೆಲ್ಲಗೆ ತಿರುಗಿಸಿದಳು. ಕುತ್ತಿಗೆ ಬಂತು, ಕೆನ್ನೆ ಬಂತು, ಮೂಗು ಅವಳ ಮುಖದ ಕಡೆ ತಿರುಗಿತು. ತುದಿಯಲ್ಲಿ, ಸರಿಯಾಗಿ ತುದಿಯಲ್ಲಿ, ಒಂದೇ ಒಂದು ಹಳದಿ ಮಣಿ. ಸುತ್ತ ಎಣಿಸಿದಳು. ನಾಲ್ಕು ನೆರೆಯವರು. ಆರಕ್ಕೆ ಒಂದು ಕಮ್ಮಿ ಇದ್ದರೆ ಲೆಕ್ಕಕ್ಕೆ ಒಂದು. ಎರಡು ಕಮ್ಮಿ ಇದ್ದರೆ ಎರಡು. ಎರಡೂ ಅಲ್ಲೇ ಇದ್ದವು, ಒಂದೇ ಮಣಿಯ ಹೆಗಲ ಮೇಲೆ. ಇಡೀ ಹನಿಯಲ್ಲಿ ಅತಿ ಚೂಪಾದ ಜಾಗ, ಆರು ಜನ ಇರಲಿ ಐದು ಜನಕ್ಕೂ ನಿಲ್ಲಲು ಎಡೆಯಿಲ್ಲದ ಜಾಗ. ಅದಕ್ಕೆ ಹೆಗಲು ಕೊಟ್ಟು ಮೂಗನ್ನು ಮುಚ್ಚಿ ಹಿಡಿದಿದ್ದ ಮಣಿಗೆ ಅವಳು ಲೆಕ್ಕದಲ್ಲಿ ಸೊನ್ನೆ ಕೊಟ್ಟಿದ್ದಳು. ‘ಕ್ಷಮಿಸಪ್ಪ,’ ಎಂದು ಪರದೆಗೆ ಜೋರಾಗಿಯೇ ಹೇಳಿ, ಚಿತ್ರವನ್ನು ಗಡ್ಡನ ಕಂಪ್ಯೂಟರಿಗೆ ಕಳಿಸಿದಳು.

ಕೋಣೆಗೆ ಅವಳು ವಾಪಸ್ಸು ಬಂದಾಗ ಮೇಷ್ಟ್ರು ಕೊನೆಯ ದುಂಡು ಹನಿಯನ್ನು ತಿರುಗಿಸುತ್ತಿದ್ದರು. ಅವಳು ಗೋಡೆಯ ಕಡೆ ಹೋಗಲಿಲ್ಲ. ಸಾಲುಗಳ ನಡುವೆ ದಾರಿ ಇರಲಿಲ್ಲ. ‘ಸ್ವಲ್ಪ ಸರೀರಿ, ಸ್ವಲ್ಪ ಜರುಗಿ,’ ಎನ್ನುತ್ತ ನುಗ್ಗಿದಳು. ನೀಲಿಯವರು ಮೊಣಕಾಲು ಮಡಚಿದರು, ಕೆಂಪಿನವರು ಕುರ್ಚಿ ಎಳೆದರು, ಒಬ್ಬರ ಕೈಚೀಲ ಬಿತ್ತು, ಸಾಲು ಪೂರ್ತಿ ಸೊಟ್ಟಗಾಯಿತು.

‘ಸರ್, ಇನ್ನೊಂದು ಹನಿ ಇದೆ.’

ಮೇಷ್ಟ್ರು ಬಾಯಲ್ಲಿ ನಗು ಇಟ್ಟುಕೊಂಡು ಹಲ್ಲು ಬಿಗಿಹಿಡಿದು ಕೇಳಿದರು: ‘ಹತ್ತಿತ್ತಲ್ಲಮ್ಮ?’

‘ಹತ್ತು ನಾನು ನೋಡಿದ್ದು ಸರ್. ಅವನ ಹತ್ರ ಹನ್ನೆರಡಿತ್ತು.’

ಗಡ್ಡ ಅವರ ಅಪ್ಪಣೆಗೆ ಕಾಯಲಿಲ್ಲ. ಮೂಗಪ್ಪ ಗೋಡೆಯ ತುಂಬ ಹರಡಿಕೊಂಡು, ಹಳದಿ ತುದಿಯ ಮೂಗನ್ನು ಸಭೆಯ ಮೇಲೆ ಚಾಚಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಬಿಳಿ ಕೂದಲಿನ ಹೆಂಗಸು ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು. ‘ಅದೊಂದಕ್ಕೆ ಮಾತ್ರ ಹಳದಿ ಯಾಕೆ?’

‘ಅದಕ್ಕೆ ಅಂತ ನಾನು ಬಣ್ಣಾನೇ ಇಟ್ಟಿರಲಿಲ್ಲ ಮೇಡಂ. ಇವತ್ತು ಕೊಟ್ಟೆ. ಅದರ ಸುತ್ತ ನಾಲ್ಕೇ ಇದಾವೆ.’ ಅವಳು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ತೆಗೆದು, ದುಂಡಗೆ ಹರಿದು, ಅದರಲ್ಲಿ ಆರನೇ ಒಂದು ಭಾಗ ಕಿತ್ತು ಅಂಚು ಕೂಡಿಸಿದಳು. ಅಗಲವಾದ ಟೋಪಿಯಾಯಿತು. ಇನ್ನೊಂದು ಭಾಗ ಕಿತ್ತಳು. ಚೂಪಾದ ಪೊಟ್ಟಣವಾಯಿತು. ‘ಒಂದು ತೆಗೆದ್ರೆ ಇಷ್ಟು ಬಾಗುತ್ತೆ, ಎರಡು ತೆಗೆದ್ರೆ ಇಷ್ಟು. ದುಂಡು ಹನಿಗೆ ಇದು ಬೇಕಾಗಲ್ಲ. ಇವನಿಗೆ ಬೇಕು. ಇದಿಲ್ಲ ಅಂದ್ರೆ ಈ ಮೂಗು ಮುಚ್ಚೋದೇ ಇಲ್ಲ.’ ಮಾತಾಡುತ್ತ ಆಡುತ್ತ ತನ್ನ ಧ್ವನಿ ನಡುಗುತ್ತಿಲ್ಲವೆಂಬುದು ಅವಳ ಗಮನಕ್ಕೆ ಬಂತು, ಬಂದ ಕೂಡಲೇ ಸ್ವಲ್ಪ ನಡುಗಿತು. ಹರಿದದ್ದು ಮೇಷ್ಟ್ರ ಸ್ವಾಗತ ಭಾಷಣವಿದ್ದ ಹಾಳೆ ಎಂಬುದೂ ಆಗಲೇ ಕಂಡಿತು.

‘ದುಂಡಗಿರೋದನ್ನ ಎಲ್ಲ ಕಡೆ ತೋರಿಸ್ತಾರೆ,’ ಎಂದರು ಬಿಳಿ ಕೂದಲಿನವರು. ‘ಈ ಮೂಗಿನೋನನ್ನ ಇನ್ನೊಂದು ಸಲ ತಿರುಗಿಸಿ.’

ಮೇಷ್ಟ್ರ ಮುಖ ಅರಳಿತು. ‘ಅದಕ್ಕೇ ಮೇಡಂ, ಇದನ್ನ ನಾವು ಬೇಕಂತಲೇ ಕೊನೆಗೆ ಇಟ್ಕೊಂಡಿದ್ವಿ.’

‘ಇಲ್ಲ ಸರ್,’ ಎಂದಳು ಅವಳು, ‘ತೆಗೆದುಹಾಕಿದ್ವಿ.’

ಮೇಷ್ಟ್ರ ಕೈ ತಾನಾಗಿಯೇ ಬಾಚಣಿಗೆಯ ಜೇಬಿಗೆ ಹೋಯಿತು. ಆಮೇಲೆ ಬಿ‍ಳಿ ಕೂದಲಿನವರು ನಕ್ಕರು, ಅವರು ನಕ್ಕಿದ್ದರಿಂದ ಕೆಂಪು ಸಾಲು ನಕ್ಕಿತು, ಕಿಟಕಿಯ ಕಡೆಯವರು ಯಾರ ಅಪ್ಪಣೆಗೂ ಕಾಯದೆ ಆಗಲೇ ನಗುತ್ತಿದ್ದರು. ಕೊನೆಗೆ ಮೇಷ್ಟ್ರೂ ಬಾಚಿದ್ದ ತಲೆಯನ್ನು ಪೂರ್ತಿ ಕೆದರಿಕೊಂಡು ನಕ್ಕು, ‘ತೆಗೆದುಹಾಕಿದ್ದು ನಾನೇ. ಅವಳು ಬೇಡ ಅಂದಿದ್ದಳು,’ ಎಂದರು. ಅವರು ಕೆಟ್ಟ ಮನುಷ್ಯ ಅಲ್ಲ ಎಂದು ಅವಳು ಮತ್ತೊಮ್ಮೆ ಒಪ್ಪಿಕೊಳ್ಳಬೇಕಾಯಿತು. ಈ ಸಲ ಒಪ್ಪಿಕೊಳ್ಳುವುದು ಅಷ್ಟು ಕಷ್ಟವಾಗಲಿಲ್ಲ. ಮೂಗಪ್ಪ ಇನ್ನೊಂದು ಸುತ್ತು ತಿರುಗಿದ. ಆಮೇಲೆ ಇನ್ನೊಂದು. ಅವಳ ಕೆಲಸದ ಕಾಗದ ಯಾವಾಗ ಬರುತ್ತದೋ, ಏನು ಬರುತ್ತದೋ, ಅದನ್ನು ಬರೆಯುವವರು ಬೇರೆ. ಮೂಗಪ್ಪನನ್ನು ಮಾತ್ರ ಇನ್ನು ಯಾರೂ ಕಸದಬುಟ್ಟಿಗೆ ಹಾಕುವಂತಿರಲಿಲ್ಲ. ಸಭೆ ಮುಗಿದ ಮೇಲೆ ಸಿಲಿಂಡರಿನವನು ಪರದೆ ಸರಿಸುತ್ತ ಕೇಳಿದ: ‘ನಾಲ್ಕೇ ಜನಾನಾ ಮೇಡಂ ಅದಕ್ಕೆ? ಪಾಪ.’ ‘ಪಾಪ ಏನ್ ಬಂತು? ಎಲ್ಲರಿಗಿಂತ ಒಳ್ಳೇ ಜಾಗ ಅದಕ್ಕೇ ಸಿಕ್ಕಿರೋದು,’ ಎಂದಳು. ‘ಗಾಳಿ ಚೆನ್ನಾಗಿ ಆಡ್ತಿರಬೇಕು ಹಾಗಾದ್ರೆ,’ ಎಂದ ಅವನು, ಕಿಟಕಿ ತೆರೆದ. ಸಂಜೆ ಗೇಟು ದಾಟುವಾಗ ಕಾವಲಿನವನು ಎಂದಿನಂತೆ ‘ಇತರೆ’ ಎಂದು ಬಾಯಿ ತೆರೆದ. ‘ಒಂದು ನಿಮಿಷ,’ ಎಂದು ಅವಳು ನಿಂತಳು. ‘ನಾಳೆಯಿಂದ ನೀವು ನನಗೆ ಹಾಗನ್ನಬೇಡಿ, ನಾನೂ ನಿಮಗೆ ಅನ್ನಲ್ಲ.’ ‘ನೀವು ಯಾವತ್ತು ಅಂದ್ರಿ?’ ಎಂದು ಅವನು ತಬ್ಬಿಬ್ಬಾದ. ಅದಕ್ಕೆ ಉತ್ತರ ಉದ್ದವಿತ್ತು, ಬಸ್ಸು ಬಂದುಬಿಟ್ಟಿತ್ತು.

ಬಸ್ಸಿನಲ್ಲಿ ಚಕ್ರದ ಉಬ್ಬಿನ ಜಾಗ ಖಾಲಿಯಿತ್ತು. ಅವಳು ಹೋಗಿ ಅದರ ಮೇಲೆಯೇ ನಿಂತಳು, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಅಲ್ಲಿಂದ ಎಲ್ಲರ ನೆತ್ತಿ ಕಾಣುತ್ತಿತ್ತು.

ಮನೆಯಲ್ಲಿ ಅತ್ತೆ ಸಿಂಕಿನ ಮುಂದೆ ನಿಂತು ಬಾಣಲೆ ತಿಕ್ಕುತ್ತಿದ್ದರು. ಅವಳು ಚೀಲ ಇಟ್ಟು, ಸೆರಗು ಸಿಕ್ಕಿಸಿ, ಅವರ ಕೈಯಿಂದ ಬಾಣಲೆ ಕಸಿದುಕೊಂಡಳು.

‘ಸಿಕ್ತಾ?’

‘ಸಿಕ್ತು ಅತ್ತೆ.’

‘ಎರಡೂ?’

‘ಎರಡೂ ಒಂದರೊಳಗೇ ಇದ್ವು.’

ಅತ್ತೆ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಅವಳನ್ನು ದಿಟ್ಟಿಸಿ ನೋಡಿದರು. ‘ಬಸುರಿ ಅನ್ನು ಮತ್ತೆ. ಅಷ್ಟು ತಿಳ್ಕೊಳ್ಳೋಕೆ ಆರು ತಿಂಗಳು ಬೇಕಾಯ್ತಾ ನಿಮಗೆಲ್ಲ?’

ನಕ್ಕೂ ನಕ್ಕೂ ಅವಳು ಸಿಂಕಿನ ಅಂಚು ಹಿಡಿದುಕೊಂಡಳು. ಕಣ್ಣೊರೆಸಿಕೊಂಡು ನೋಡಿದಾಗ ಬಾಣಲೆಯ ನೀರಿನ ಮೇಲೆ ಒಂದು ಎಣ್ಣೆ ಹನಿ ತೇಲುತ್ತ ಬಂದು ಅಂಚಿಗೆ ತಗುಲಿ, ಸೊಟ್ಟಗಾಗಿ, ಅಲ್ಲೇ ನಿಂತಿತು. ಅದರ ಮೈಮೇಲೆ ಕರಕಲಿನ ಪುಡಿ ಒತ್ತೊತ್ತಾಗಿ ಕೂತಿತ್ತು. ಅವಳು ನಲ್ಲಿ ನಿಲ್ಲಿಸಿ, ಉಸಿರು ಬಿಗಿಹಿಡಿದು, ಬಗ್ಗಿದಳು.

‘ತಿಕ್ಕೇ,’ ಎಂದರು ಅತ್ತೆ. ‘ಇಲ್ಲಿ ನೋಡೋದಕ್ಕೆ ಸಂಬಳ ಇಲ್ಲ.’